ಬಾವಿಯ ಮೇಲುಗಡೆ ಮೂರು ಗುಂಡಿ

ಏನೇನು ಕೆಡಬಹುದಿತ್ತು ಎಂದರೆ, ರೋಹಿಣಿ ಮಳೆ ಹೇಳದೆ ಕೇಳದೆ ವಾರ ಮುಂಚೆಯೇ ಬಂದು ಅರ್ಧ ತೋಡಿದ ಗುಂಡಿಗಳಿಗೆ ಕೆಸರು ತುಂಬಿಸಿಬಿಡಬಹುದಿತ್ತು. ಅಥವಾ ಮಳೆಯೇ ಬಾರದೆ, ಸಾಲಾಗಿ ನೆಟ್ಟ ಲಾವಂಚ ಒಣಗಿ ಊರ ದನಗಳಿಗೆ ಒಂದು ಹೊತ್ತಿನ ಮೇವಾಗಬಹುದಿತ್ತು. ಗುಂಡಿಯಲ್ಲಿ ನೀರು ಇಂಗದೆ ನಿಂತು, ಸೊಳ್ಳೆ ಹುಟ್ಟಿ, ವಾಂತಿಭೇದಿ ತಪ್ಪಿಸಲು ಹೋಗಿ ಚಳಿಜ್ವರ ತಂದವನು ಎಂಬ ಹೆಸರು ನನಗೆ ಬರಬಹುದಿತ್ತು. ನೀರು ತೀರಾ ಬೇಗ ಇಂಗಿ, ನೆಲದೊಳಗಿನ ಯಾವುದೋ ಬಿರುಕು ಹಿಡಿದು ಕೊಳೆಯ ಸಮೇತ ನೇರವಾಗಿ ಬಾವಿಗೇ ಇಳಿಯಬಹುದಿತ್ತು. ಎಮ್ಮೆ ಬೀಳಬಹುದಿತ್ತು. ಎಮ್ಮೆಯ ಹಿಂದೆ ಓಡಿ ಬಂದ ಎಮ್ಮೆಯ ಒಡತಿ ಬೀಳಬಹುದಿತ್ತು. ಮೇಲಿನ ಮನೆಯ ಮಣ್ಣಿನ ಗೋಡೆ ತೇವ ಹೀರಿ ಕುಸಿಯಬಹುದಿತ್ತು. ಕೆಸುವಿನ ಎಲೆಯ ಮರೆಯಲ್ಲಿ ಹಾವು ಸೇರಬಹುದಿತ್ತು. ಊರು ಎರಡು ಪಕ್ಷವಾಗಿ, ಮುಂದಿನ ಪಂಚಾಯಿತಿ ಚುನಾವಣೆ ಈ ಗುಂಡಿಗಳ ಮೇಲೆಯೇ ನಡೆಯಬಹುದಿತ್ತು. ಬೇಸಿಗೆ ರಜೆಯಲ್ಲಿ ನೆಲ ಅಗೆಯಲು ಯಾರ ಅನುಮತಿ ಪಡೆದಿರಿ ಎಂದು ಇಲಾಖೆಯಿಂದ ನನಗೆ ಮೆಮೊ ಬರಬಹುದಿತ್ತು.

ಇವನ್ನೆಲ್ಲ ನಾನು ಒಂದು ಹಳೆಯ ಪಾಠಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಿದ್ದೆ. ಬರೆದರೆ ಚಿಂತೆ ಕಡಿಮೆಯಾಗುತ್ತದೆ ಎಂದು ಎಲ್ಲೋ ಓದಿದ್ದೆ. ಕಡಿಮೆಯಾಗಲಿಲ್ಲ, ಸಾಲಾಗಿ ನಿಂತಿತು ಅಷ್ಟೆ. ಎರಡು ಪುಟ ತುಂಬಿದ ಆ ಪಟ್ಟಿಯಲ್ಲಿದ್ದ ಒಂದೂ ನಡೆಯಲಿಲ್ಲ.

ಆಗ ನನಗೆ ನಲವತ್ಮೂರು. ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಶಿಕಾರಿಪುರದಲ್ಲಿ. ಬೆಳಿಗ್ಗೆ ಬಸ್ಸು ಹಿಡಿದು ಶಿರಾಳಕೊಪ್ಪದ ಮೇಲೆ ಸೊರಬ, ಅಲ್ಲಿ ಇಳಿದು ಉಳವಿ ಕಡೆಯ ಇನ್ನೊಂದು ಬಸ್ಸು. ಎರಡು ಬಸ್ಸುಗಳಲ್ಲಿ ಯಾವುದಾದರೂ ಒಂದು ಕೆಟ್ಟು ನಿಲ್ಲುತ್ತದೆ ಎಂದು ನಂಬಿ ಒಂದು ಗಂಟೆ ಮುಂಚೆ ಹೊರಡುವವನು ನಾನು. ಅವು ಕೆಡುತ್ತಿದ್ದುದು ಅಪರೂಪ. ಹಾಗಾಗಿ ಶಾಲೆಯ ಬೀಗ ತೆಗೆಯುವ ಮೊದಲೇ ಹಳ್ಳಿ ಮುಟ್ಟಿ, ಬಸ್ ನಿಲ್ಲುವಲ್ಲಿನ ಚಾ ಅಂಗಡಿಯ ಬೆಂಚಿನ ಮೇಲೆ ಕೂತಿರುತ್ತಿದ್ದೆ.

ಆ ಅಂಗಡಿಯನ್ನು ನಡೆಸುತ್ತಿದ್ದಾಕೆಯನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು, ಅವಳಿಗಿಂತ ಹಿರಿಯರೂ. ಹೆಂಚಿನ ಮಾಡು, ಎರಡು ಬೆಂಚು, ಒಂದು ಒಲೆ. ಗಂಡ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸುತ್ತಿದ್ದಳು. ತಿನ್ನಲು ಮಂಡಕ್ಕಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ಸಿಗಬೇಕಾಗಿಯೂ ಇರಲಿಲ್ಲ. ಅವಳ ಚಾ ಅಂಥದ್ದು. ಹೊಸಬಾಳೆಯ ಕಡೆಗೆ ಹೋಗಬೇಕಾದವರು ಇಲ್ಲಿ ಇಳಿದು, ಕುಡಿದು, ಮುಂದಿನ ಬಸ್ಸಿಗೆ ಹೋಗುತ್ತಿದ್ದುದನ್ನು ಕಂಡಿದ್ದೇನೆ. ಗುಟ್ಟೇನು ಎಂದು ಕೇಳಿದರೆ ಅಂಗಡಿಯ ಹಿಂದಿನ ಬಾವಿಯ ಕಡೆಗೆ ಗಲ್ಲ ಎತ್ತಿ ತೋರಿಸುತ್ತಿದ್ದಳು.

ಬಾವಿ ಓಣಿಯ ತುದಿಯಲ್ಲಿತ್ತು. ಓಣಿ ಇಳಿಜಾರು. ಮೇಲಿನ ತುದಿಯಲ್ಲಿ ಊರ ಯಜಮಾನರ ಮನೆ, ಕೊಟ್ಟಿಗೆ, ತಿಪ್ಪೆ, ನಡುವೆ ಹತ್ತೆಂಟು ಮನೆಗಳು, ಕೆಳಗೆ ಬಾವಿ. ನಮ್ಮ ಶಾಲೆಯ ಮಡಕೆಗಳಿಗೂ ಅದೇ ನೀರು. ಬೇಸಿಗೆಯಲ್ಲಿ ಹಾಲಿನಂಥ ನೀರು, ಅಂದರೆ ಊರವರ ಲೆಕ್ಕದಲ್ಲಿ ಸಿಹಿಯಾದ ನೀರು. ಮೊದಲ ದೊಡ್ಡ ಮಳೆ ಬಿದ್ದ ದಿನ ಮಾತ್ರ ಓಣಿಯ ತುಂಬ ಚಾದ ಬಣ್ಣದ ಹೊಳೆ ಹರಿದು ಬಾವಿಯ ಸುತ್ತ ನಿಂತು, ಕಟ್ಟೆಯ ಸಂದಿಯಲ್ಲಿ ಒಳಗಿಳಿಯುತ್ತಿತ್ತು. ಆಮೇಲೆ ಒಂದು ವಾರ ಶಾಲೆಯಲ್ಲಿ ಹಾಜರಿ ಅರ್ಧಕ್ಕೆ ಇಳಿಯುತ್ತಿತ್ತು. 'ಹೊಸ ನೀರು ಬಂತಲ್ಲ, ಹೊಟ್ಟೆಗೆ ಹೊಂದಬೇಕು' ಎನ್ನುತ್ತಿದ್ದರು. ಹೊಸ ನೀರು ಎಂದರೆ ಏನೆಂದು ನನಗೆ ಗೊತ್ತಿತ್ತು. ಯಜಮಾನರ ಹದಿನಾಲ್ಕು ದನಗಳ ವರ್ಷದ ದುಡಿಮೆ. ಗೊತ್ತಿದ್ದೂ ಹೇಳುವ ಧೈರ್ಯ ಇರಲಿಲ್ಲ. ಮನೆಯಿಂದ ಕಾಯಿಸಿ ಆರಿಸಿದ ನೀರು ತಂದು ಕುಡಿಯುತ್ತ, ತರಗತಿಯಲ್ಲಿ ಜಲಮಾಲಿನ್ಯದ ಪಾಠ ಮಾಡುತ್ತಿದ್ದೆ. ಅಕ್ಕನ ಚಾ ಮಾತ್ರ ಬಿಡಲಿಲ್ಲ. ಕುದಿದದ್ದು ತಾನೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಒಂದು ಮಳೆಗಾಲ ಕಾಯಿಲೆ ಹೆಚ್ಚಾಯಿತು. ಯಾರೂ ಸಾಯಲಿಲ್ಲ, ಆದರೆ ಜೀಪು ಬಂತು. ಜೀಪಿನಲ್ಲಿ ಆರೋಗ್ಯ ಇಲಾಖೆಯ ಸಹಾಯಕರು ಬಂದರು. ಬಯಲುಸೀಮೆಯ ಕಡೆಯ ಸಣಕಲು ಮನುಷ್ಯ, ಮಳೆಗೆ ಒಗ್ಗದ ಮೂಗು. ಚೀಲದ ತುಂಬ ಬ್ಲೀಚಿಂಗ್ ಪುಡಿ ತರುತ್ತಿದ್ದುದರಿಂದ ಊರಲ್ಲಿ ಅವರಿಗೆ ಪುಡಿ ಸಾಹೇಬರು ಎಂದೇ ಹೆಸರು. ಬಾವಿಗೆ ಪುಡಿ ಸುರಿದು, ಅಕ್ಕನ ಬೆಂಚಿನ ಮೇಲೆ ಕೂತು, ಮೂಗು ಒರೆಸಿಕೊಂಡು ಹೇಳಿದರು.

"ನೋಡ್ರಿ, ಈ ಸಲ ಪುಡಿ ಹಾಕೀನಿ. ಮುಂದಿನ ವರ್ಷ ಮಳಿ ಹಿಡಿದ ಮೂರನೇ ದಿನಕ್ಕ ಬಂದು ನೀರಿನ ಸ್ಯಾಂಪಲ್ ತಗೋತೀನಿ. ಶಿವಮೊಗ್ಗದಾಗ ಫೇಲ್ ಅಂತ ಬಂತಂದ್ರ ಬಾವಿ ಕಟ್ಟಿ ಮ್ಯಾಲೆ ಕೆಂಪು ಬಣ್ಣ ಬಳೀತಾರ. ಆಮೇಲೆ ಅದರ ನೀರು ಯಾರೂ ಮುಟ್ಟಂಗಿಲ್ಲ. ಶಾಲಿ ಮುಂದ ಬೋರಿಂಗ್ ಐತಲ್ಲ, ಅದನ್ನ ಬಳಸ್ರಿ."

"ಬೋರಿಂಗಿನ ನೀರಾ?" ಅಂದಳು ಅಕ್ಕ. ಎದ್ದು ಹೋಗಿ, ಬೋರಿಂಗಿನ ಹಿಡಿ ಒತ್ತಿ ಒಂದು ಚೊಂಬು ನೀರು ತಂದು, ಅವರೆದುರಿಗೇ ಚಾ ಕಾಯಿಸಿ ಕೊಟ್ಟಳು. ಆ ನೀರಿನಲ್ಲಿ ಕಬ್ಬಿಣದ ಅಂಶ ಎಷ್ಟಿತ್ತೆಂದರೆ ಅದು ಬೀಳುವ ಕಲ್ಲು ಕೆಂಪಗಾಗಿತ್ತು. ಚಾದ ಸೊಪ್ಪು ಬಿದ್ದದ್ದೇ ಕಪ್ಪಗಾಯಿತು. ಹಾಲು ಹಾಕಿದ ಮೇಲೆ ಬೂದಿಯ ಬಣ್ಣಕ್ಕೆ ಬಂತು. ಸಾಹೇಬರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದನ್ನ ಯಾರಿಗೆ ಮಾರ್ಲಿ, ಹೇಳಿ ಸಾಹೇಬ್ರೇ? ನಂಗೆ ಬೇರೆ ಕೆಲ್ಸ ಬರಲ್ಲ."

ಸಾಹೇಬರು ಮೂಗು ಒರೆಸಿಕೊಂಡರು. ಅವರ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಕೈಯಲ್ಲೂ ಇರಲಿಲ್ಲ. ಆದರೆ ಅವಳು ತಿರುಗಿ ನನ್ನನ್ನು ನೋಡಿದಳು. ವಿಜ್ಞಾನದ ಮೇಷ್ಟ್ರು ಎಂಬ ಹೆಸರಿನಿಂದ ಆಗುವ ತೊಂದರೆಗಳಲ್ಲಿ ಇದೊಂದು.

ಬೇಸಿಗೆಯ ಹೊತ್ತಿಗೆ ನಾನು ಧೈರ್ಯ ತಂದುಕೊಂಡು ಯಜಮಾನರ ಮನೆಗೆ ಹೋದೆ. ಎಪ್ಪತ್ತು ದಾಟಿದ ಎತ್ತರದ ಮನುಷ್ಯ, ಹಣೆ ತುಂಬ ವಿಭೂತಿ. ಮಾತಿಗಿಂತ ಎಲೆ ಅಡಿಕೆ ಹೆಚ್ಚು. ನಾನು ತಿಪ್ಪೆಯ ವಿಷಯಕ್ಕೆ ಬರಲು ಮುಕ್ಕಾಲು ಗಂಟೆ ತೆಗೆದುಕೊಂಡೆ. ಹವಾಮಾನ, ಅಡಿಕೆ ಧಾರಣೆ, ಅವರ ಮೊಣಕಾಲು ಎಲ್ಲ ಮುಗಿಸಿ, ಕೊನೆಗೆ ತಿಪ್ಪೆಯನ್ನು ಸ್ವಲ್ಪ, ಅಂದರೆ ಅನುಕೂಲವಾದರೆ, ಮನೆಯ ಹಿಂಬದಿಗೆ ಸರಿಸಬಹುದೇ ಎಂದೆ.

"ತಿಪ್ಪೆ ಸರಿಸೋದಾ?" ಅವರು ಅಗಿಯುವುದನ್ನು ನಿಲ್ಲಿಸಿದರು. "ಮೇಷ್ಟ್ರೇ, ದೀವಳಿಗೆಲಿ ಅದಕ್ಕೆ ಹೂವು ಏರಿಸಿ ಪೂಜೆ ಮಾಡ್ತೀವಿ. ನಮ್ಮ ಅಜ್ಜನ ಕಾಲದಿಂದ ಅಲ್ಲೇ ಐತೆ. ಲಕ್ಷ್ಮೀನ ಹಿತ್ತಲಿಗೆ ಹೋಗಿ ಕೂತ್ಕಾ ಅನ್ನಾಕಾಗುತ್ತಾ? ನಿಮ್ಮನೇಲಿ ದೇವರ ಗೂಡು ಬಚ್ಚಲಿಗೆ ಸರಿಸ್ತೀರಾ?"

ಇಲ್ಲ ಎಂದೆ. ನಮ್ಮ ಬಾಡಿಗೆ ಮನೆಯಲ್ಲಿ ದೇವರ ಗೂಡು ಬಚ್ಚಲಿನ ಪಕ್ಕದಲ್ಲೇ ಇತ್ತು.

ಎದ್ದು ಹೊರಟವನನ್ನು ಅವರೇ ಕರೆದು ಕೂರಿಸಿದರು. ಅಕ್ಕನ ಚಾ ಅವರಿಗೂ ಬೇಕಿತ್ತು. "ನೀರು ಕೆಟ್ಟದ್ದಲ್ಲ ಮೇಷ್ಟ್ರೇ, ಅದಕ್ಕೆ ಅವಸರ. ನಮ್ಮ ಗದ್ದೆ ನೋಡಿದೀರಲ್ಲ. ಮೇಲಿನ ಗದ್ದೆಗೆ ಕೆಂಪು ನೀರು ಬರುತ್ತೆ. ಅಲ್ಲಿ ಒಂದಿಷ್ಟು ಹೊತ್ತು ಕೂರುತ್ತೆ, ಕೆಳಗಿನ ಗದ್ದೆಗೆ ಇಳಿಯುತ್ತೆ, ಅಲ್ಲೂ ಕೂರುತ್ತೆ. ಕೊನೇ ಗದ್ದೇಲಿ ನಿಮ್ಮ ಮುಖ ನೋಡ್ಕಬಹುದು. ಓಣೀಲೂ ಹಂಗೇ ಕೂರ್ಸಿದ್ರೆ ಆಯ್ತಲ್ಲ."

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಮರಳು, ಇದ್ದಿಲು, ಜಲ್ಲಿಯ ಸೋಸುವ ಚಿತ್ರವೊಂದಿತ್ತು. ಹದಿನೆಂಟು ವರ್ಷ ಅದನ್ನು ಹಲಗೆಯ ಮೇಲೆ ಬರೆದಿದ್ದೆ. ಅದನ್ನು ನೆಲದ ಮೇಲೆ ಬರೆಯಬಹುದು ಎಂದು ನನಗೆ ಹೊಳೆದಿರಲಿಲ್ಲ. ಅವರ ಗದ್ದೆಯನ್ನೂ ನನ್ನ ಚಿತ್ರವನ್ನೂ ಸೇರಿಸಿ, ತಿಪ್ಪೆಯ ಕೆಳಗಿನಿಂದ ಬಾವಿಯವರೆಗೆ ಮೆಟ್ಟಿಲಿನಂತೆ ಮೂರು ಗುಂಡಿ ತೋಡುವುದೆಂದು ಆಯಿತು. ಮೊಣಕಾಲಿನಷ್ಟು ಆಳ, ಅಗಲ ಒಂದು ಕೋಣೆಯಷ್ಟು. ಅಡಿಗೆ ಜಲ್ಲಿ, ಮೇಲೆ ಇದ್ದಿಲು, ಅದರ ಮೇಲೆ ಮರಳು ಬೆರೆಸಿದ ಮಣ್ಣು, ಮಣ್ಣಿನ ತುಂಬ ನೀರಿಗೆ ಹೆದರದ ಗಿಡ. ಇಂಥದ್ದಕ್ಕೆ ಮಳೆತೋಟ ಎಂಬ ಚಂದದ ಹೆಸರಿದೆ ಎಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ನಮ್ಮಲ್ಲಿ ಅದಕ್ಕೆ ಮೇಷ್ಟ್ರ ಗುಂಡಿ ಎಂದೇ ಹೆಸರಾಯಿತು. ಕೇಳಿದಾಗಲೆಲ್ಲ, ನನ್ನನ್ನೇ ಅದರೊಳಗೆ ಇಡಲು ಅಳತೆ ತೆಗೆದಂತೆ ಅನ್ನಿಸುತ್ತಿತ್ತು.

ಕೆಲಸ ಯಾವಾಗ ಎಂಬುದು ಮುಂದಿನ ಪ್ರಶ್ನೆ. ಬೇಸಿಗೆಯಾದರೂ ಯಾರಿಗೂ ಬಿಡುವಿರಲಿಲ್ಲ. ಗೊಬ್ಬರ ಹೊಡೆಯುವುದು, ಒಣಗಿದ ಗದ್ದೆ ಉಳುವುದು, ಕೊಟ್ಟಿಗೆಗೆ ಒಣ ಎಲೆಯ ದರಕು ತರುವುದು. ಸೋಮವಾರ ಮಾತ್ರ ಇಡೀ ಊರು ಖಾಲಿ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ, ಬಸವಣ್ಣನ ದಿನ. ಎತ್ತು ಕೊಟ್ಟಿಗೆಯಲ್ಲಿ ಮಲಗಿದ್ದರೆ ಎತ್ತಿನ ಯಜಮಾನ ಅಕ್ಕನ ಬೆಂಚಿನ ಮೇಲಿರುತ್ತಿದ್ದ. ಹಾಗಾಗಿ ಸೋಮವಾರಗಳೇ ಎಂದಾಯಿತು. ನಾನು ಪಂಚಾಂಗ ತೆಗೆದು ನೋಡಿದೆ. ರೋಹಿಣಿ ಮಳೆ ಹುಟ್ಟುವುದರೊಳಗೆ ಆರು ಸೋಮವಾರಗಳಿದ್ದವು. ಒಂದರಲ್ಲಿ ಮದುವೆ, ಒಂದರಲ್ಲಿ ಅಮಾವಾಸ್ಯೆ. ನಾಲ್ಕು.

"ರಜಾದಾಗೂ ಹಳ್ಳಿಗೆ ಹೊಂಟೀರಿ?" ಅಂದಳು ಹೆಂಡತಿ, ಮೊದಲ ಸೋಮವಾರ. "ಮನಿ ಮುಂದಿನ ಚರಂಡಿ ಕಟ್ಕೊಂಡು ಎರಡು ವರ್ಷ ಆತು. ಅದನ್ನ ನೋಡಾಕ ಯಾವ ಊರಿನ ಮೇಷ್ಟ್ರನ್ನ ಕರೀಲಿ?"

ನಾನು ಛತ್ರಿ ತೆಗೆದುಕೊಂಡು ಹೊರಟೆ. ಏಪ್ರಿಲ್ ತಿಂಗಳು, ಆಕಾಶದಲ್ಲಿ ಒಂದು ಮೋಡವಿರಲಿಲ್ಲ.

ಮೊದಲ ಎರಡು ಸೋಮವಾರ ಅಗೆತ. ನನಗೂ ಒಂದು ಗುದ್ದಲಿ ಕೊಟ್ಟರು. ಹತ್ತು ನಿಮಿಷದಲ್ಲಿ ಅದನ್ನು ವಾಪಸು ತೆಗೆದುಕೊಂಡು, "ನೀವು ಅಳತೆ ನೋಡ್ಕಳಿ" ಎಂದರು. ಅಳತೆ ನೋಡಿಕೊಂಡೆ. ಮೂರನೆಯ ಸೋಮವಾರ ಮರಳು ತುಂಬಬೇಕಿತ್ತು. ದಂಡಾವತಿ ಹೊಳೆಯ ಮರಳನ್ನು ಶನಿವಾರವೇ ಗಾಡಿಯಲ್ಲಿ ತರಿಸಿದ್ದೆವು, ಆದರೆ ತಂದವನು ಅವಸರದಲ್ಲಿ ಓಣಿಯ ಕೆಳಗೆ, ಚಾ ಅಂಗಡಿಯ ಮಗ್ಗುಲಲ್ಲಿ ಸುರಿದು ಹೋಗಿದ್ದ. ಗುಂಡಿಗಳು ಮೇಲೆ. ಗಾಡಿ ಇದೆ, ಜನ ಇದ್ದಾರೆ, ಎತ್ತು ಹೂಡುವಂತಿಲ್ಲ. ಇದು ನನ್ನ ಪಟ್ಟಿಯ ಹನ್ನೊಂದನೆಯ ಸಾಲಿನ, ಕೆಲಸ ಅರ್ಧಕ್ಕೇ ನಿಂತುಹೋಗಬಹುದು ಎಂಬುದರ, ಹತ್ತಿರ ಬರುವಂಥ ವಿಷಯ.

ಊರಲ್ಲಿ ಒಬ್ಬರ ಹತ್ತಿರ ಟ್ರ್ಯಾಕ್ಟರಿತ್ತು. ಆ ಕಡೆಗೆಲ್ಲ ಮೊದಲನೆಯದು. ನಾನೇ ಹೋಗಿ ಕೇಳಿದೆ.

"ಸೋಮವಾರಲ್ರೀ ಮೇಷ್ಟ್ರೇ" ಎಂದರು ಅವರು.

"ಟ್ರ್ಯಾಕ್ಟರಿಗೆ ಎಂಥ ಸೋಮವಾರ?"

ಅವರು ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ತೋರಿಸಿದರು. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಟ್ರ್ಯಾಕ್ಟರು ನಿಂತಿತ್ತು. ಮೂತಿಗೆ ಮೂರು ಬೆರಳಿನ ವಿಭೂತಿ, ಮೇಲೊಂದು ದಾಸವಾಳ. "ಎತ್ತು ಮಾರಿ ಇದನ್ನ ತಂದಿದ್ದು. ಎತ್ತಿಗೆ ಕೊಟ್ಟಿದ್ದ ರಜೆ ಇದಕ್ಕೆ ಕೊಡದಿದ್ರೆ ಹೆಂಗ್ರೀ? ನಾಳೆ ಬೇಕಾದ್ರೆ ತಗಂಡ್ಹೋಗಿ." ನಾಳೆ ಟ್ರ್ಯಾಕ್ಟರು ಸಿಗುತ್ತಿತ್ತು, ಜನ ಸಿಗುತ್ತಿರಲಿಲ್ಲ.

ನಾನು ಬೆವರು ಒರೆಸಿಕೊಳ್ಳುತ್ತ ವಾಪಸು ಬರುವ ಹೊತ್ತಿಗೆ ಓಣಿಯಲ್ಲಿದ್ದವರು ಇನ್ನೊಂದು ದಾರಿ ಕಂಡುಕೊಂಡಿದ್ದರು. ನೊಗಕ್ಕೆ ಎತ್ತು ಕಟ್ಟಬಾರದು, ಅಷ್ಟೆ; ಮನುಷ್ಯರು ಎಳೆಯಬಾರದು ಎಂದು ಯಾರೂ ಹೇಳಿಲ್ಲ. ಗಾಡಿಗೆ ಮರಳು ತುಂಬಿ ನಾಲ್ವರು ಮುಂದಿನ ಮೂಕಿಮರಕ್ಕೆ ಕೈಕೊಟ್ಟಿದ್ದರು, ಆರು ಜನ ಹಿಂದಿನಿಂದ ನೂಕಲು ನಿಂತಿದ್ದರು. ಹೆಂಗಸರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

"ಮೇಷ್ಟ್ರೇ, ಎಡಗಡೆ ಎತ್ತು ಕುಂಟ್ತಾ ಐತೆ, ಒಸಿ ಕೈ ಕೊಡಿ" ಎಂದರು ಯಜಮಾನರು.

"ಬೇಡ ಬೇಡ, ಮೇಷ್ಟ್ರು ಬಡಕಲು ಹೋರಿ" ಎಂದಿತು ಕಟ್ಟೆಯ ಕಡೆಯಿಂದ ಒಂದು ದನಿ. "ಸಂತೇಲಿ ಯಾರೂ ಕೇಳಲ್ಲ."

"ಹಲ್ಲು ನೋಡ್ರೇ, ಹಲ್ಲು!" ಎಂದಳು ಅಕ್ಕ.

ನಾನು ಎಳೆದೆ. ಏಳು ಸಲ ಗಾಡಿ ಮೇಲೆ ಹೋಯಿತು. ಆರನೆಯದಕ್ಕೆ ನನ್ನ ಚಪ್ಪಲಿಯ ಅಂಗುಷ್ಠ ಕಿತ್ತುಹೋಯಿತು. ಸಂಜೆಯ ಬಸ್ಸಿನಲ್ಲಿ ನಿಲ್ಲಲಾರದೆ, ಸೊರಬದಿಂದ ಶಿಕಾರಿಪುರದವರೆಗೆ ಡ್ರೈವರನ ಪಕ್ಕದ ಎಂಜಿನ್ನಿನ ಮೇಲೆ ಕೂತು ಬಂದೆ. ಅದು ಬಿಸಿಯಾಗಿದ್ದುದು ಸೊಂಟಕ್ಕೆ ಒಳ್ಳೆಯದಾಯಿತು. ಆದರೆ ಎಂಜಿನ್ನು ಅಷ್ಟು ಬಿಸಿಯಾಗಬಾರದಲ್ಲ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ನಾಲ್ಕನೆಯ ಸೋಮವಾರ ಗಿಡ. ಲಾವಂಚದ ಬುಡಗಳು ಕುಬಟೂರಿನ ಕಡೆಯ ಯಾರದೋ ನೆಂಟರ ಗದ್ದೆಯ ಬದುವಿನಿಂದ ಗೋಣಿಚೀಲದಲ್ಲಿ ಬಸ್ಸಿನ ಮೇಲೆ ಬಂದವು. ಬಜೆ ಯಜಮಾನರ ತೋಡಿನದು. ಕೆಸು ಎಲ್ಲರ ಹಿತ್ತಲಿನದು. ಕೆಸುವಿನ ಮೇಲೆ ಸ್ವಲ್ಪ ಜಗಳವಾಯಿತು. ತಿಪ್ಪೆಯ ನೀರು ಕುಡಿದ ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡಬಹುದೇ, ಬಾರದೇ. ಮಾಡಬಾರದು ಎಂದು ನಾನು ವಿಜ್ಞಾನ ಹೇಳಿದೆ. ಹಾಗಾದರೆ ಗೊಬ್ಬರ ಹಾಕಿದ ಗದ್ದೆಯ ಅಕ್ಕಿ ಯಾಕೆ ಉಣ್ಣುತ್ತೀರಿ ಎಂದು ಒಬ್ಬ ಮುದುಕಿ ಕೇಳಿದಳು. ಕೊನೆಗೆ ಮೂರನೆಯ ಗುಂಡಿಯ ಎಲೆ ಮಾತ್ರ ಕೊಯ್ಯಬಹುದು ಎಂದು ತೀರ್ಮಾನವಾಯಿತು. ಮರಳಿನ ಅಡಿಗೆ ಹೋದ ಇದ್ದಿಲು ಕೊಟ್ಟಿದ್ದವಳು ಅಕ್ಕ. ತನ್ನ ಒಲೆಯ ಇದ್ದಿಲನ್ನು ಎರಡು ತಿಂಗಳಿಂದ ಡಬ್ಬಗಳಲ್ಲಿ ಕೂಡಿಸಿಟ್ಟಿದ್ದಳು. ದಿನವೂ ಸಂಜೆ ಅಂಗಡಿ ಮುಚ್ಚಿ, ಮೂರು ಗುಂಡಿಗಳಿಗೂ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವಳೂ ಅವಳೇ.

"ಉಳಿಯುತ್ತಾ ಮೇಷ್ಟ್ರೇ ಬಾವಿ?" ಎಂದು ಕೇಳುತ್ತಿದ್ದಳು, ನಾನು ಹೋದಾಗಲೆಲ್ಲ.

ಉಳಿಯುತ್ತದೆ ಎನ್ನುತ್ತಿದ್ದೆ. ಹಾಗೆ ಹೇಳಿದ ದಿನ ಪಟ್ಟಿಗೆ ಇನ್ನೆರಡು ಸಾಲು ಸೇರುತ್ತಿದ್ದವು.

ರೋಹಿಣಿ ಒಂದೆರಡು ಹನಿ ಹಾಕಿ ಹೋಯಿತು, ಗಿಡ ಬೇರು ಬಿಡುವುದಕ್ಕೆ ಎಷ್ಟು ಬೇಕೋ ಅಷ್ಟು. ಶಾಲೆ ಶುರುವಾಯಿತು. ಮೃಗಶಿರ ಹುಟ್ಟಿ ಎರಡನೆಯ ದಿನ ಮಳೆ ಹಿಡಿಯಿತು. ಶಿಕಾರಿಪುರದಲ್ಲಿ ಬೆಳಿಗ್ಗೆ ಎದ್ದಾಗ ಹೆಂಚಿನ ಮೇಲೆ ಸದ್ದು ಕೇಳಿ, ಕಾಫಿ ಕುಡಿಯದೆ ಮೊದಲ ಬಸ್ಸಿಗೆ ಓಡಿದೆ. ಶಿರಾಳಕೊಪ್ಪ ದಾಟಿದ ಮೇಲೆ ಮಳೆ ಇನ್ನೂ ಜೋರು. ಕಿಟಕಿಯಾಚೆ ಕೆಂಪು ನೀರು ರಸ್ತೆಯ ಪಕ್ಕ ಬಸ್ಸಿನ ಜೊತೆಗೇ ಓಡುತ್ತಿತ್ತು. ಗುಂಡಿಗಳು ಕೊಚ್ಚಿಹೋಗಿವೆ ಎಂದು ಸೊರಬದ ಹೊತ್ತಿಗೆ ನನಗೆ ಖಾತ್ರಿಯಾಗಿತ್ತು. ಇಳಿದ ಕೂಡಲೇ ಅಕ್ಕನಿಗೆ ಏನು ಹೇಳಬೇಕು ಎಂದು ಎರಡು ವಾಕ್ಯ ಬಾಯಿಪಾಠ ಮಾಡಿಕೊಂಡೆ.

ಇಳಿದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಎಲೆ ಹೆಣೆದ ಗೊರಬು, ಕಂಬಳಿಕೊಪ್ಪೆ ಹಾಕಿಕೊಂಡು ಓಣಿಯಲ್ಲಿ ನಿಂತಿದ್ದರು. ಮೊದಲ ಗುಂಡಿಯಲ್ಲಿ ಸಗಣಿಯ ಬಣ್ಣದ ನೀರು ತುಂಬಿ, ಗಿಡಗಳ ನಡುವೆ ಸುತ್ತು ಹಾಕುತ್ತಿತ್ತು. ಅದರ ಅಂಚಿನ ಕಲ್ಲಿನ ಮೇಲೆ ತೆಳ್ಳಗೆ ಹರಿದು ಎರಡನೆಯದಕ್ಕೆ ಬೀಳುತ್ತಿತ್ತು. ಅಲ್ಲಿ ಬಣ್ಣ ಅರ್ಧ ಆಗಿತ್ತು. ಮೂರನೆಯದರಲ್ಲಿ ಕೆಸುವಿನ ದಂಟು ಬುಡದವರೆಗೆ ಕಾಣುತ್ತಿತ್ತು. ಅದರಿಂದ ಹೊರಬಿದ್ದ ನೀರು ಬಾವಿಯ ಕಡೆ ಹೋಗದೆ, ಪಕ್ಕದ ಕಾಲುವೆ ಹಿಡಿದು ಸುಮ್ಮನೆ ಗದ್ದೆಗೆ ಹೋಗುತ್ತಿತ್ತು. ಯಜಮಾನರು ಎಲೆ ಅಡಿಕೆ ಉಗಿಯಲು ಬಾಯಿ ತಿರುಗಿಸಿದವರು, ಗುಂಡಿಯನ್ನು ನೋಡಿ, ಓಣಿಯ ಆಚೆ ಬದಿಗೆ ಹೋಗಿ ಉಗಿದು ಬಂದರು.

ಮಳೆ ಬಿಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅಕ್ಕ ಬಾವಿಯಿಂದ ಒಂದು ಕೊಡ ಸೇದಿ, ಸ್ಟೀಲಿನ ಲೋಟದಲ್ಲಿ ಹಾಕಿ ಬೆಂಚಿನ ಮೇಲಿಟ್ಟಳು. ಲೋಟದ ತಳದಲ್ಲಿ ಕೆತ್ತಿದ್ದ ಅವಳ ಗಂಡನ ಹೆಸರು ಓದಬಹುದಿತ್ತು.

ಪುಡಿ ಸಾಹೇಬರು ಹತ್ತು ಗಂಟೆಯ ಬಸ್ಸಿಗೆ ಬಂದರು. ಒಂದು ಹೆಗಲಿಗೆ ಐಸು ತುಂಬಿದ ಲಸಿಕೆ ಡಬ್ಬಿ, ಇನ್ನೊಂದಕ್ಕೆ ಚೀಲ. ನಾನು ಮುಖ್ಯೋಪಾಧ್ಯಾಯರಿಗೆ ಹೊಟ್ಟೆನೋವು ಎಂದು ಹೇಳಿ ಬಂದು ನಿಂತಿದ್ದೆ. ಸಾಹೇಬರು ಚೀಲದಿಂದ ಕಂದು ಕಾಗದ ಸುತ್ತಿ ದಾರ ಕಟ್ಟಿದ ಒಂದು ಗಾಜಿನ ಬಾಟಲಿ ತೆಗೆದು ಬೆಂಚಿನ ಮೇಲಿಟ್ಟರು.

"ಇದನ್ನ ಸ್ವಲ್ಪ ಜ್ವಾಪಾನ ನೋಡ್ಕೊಳ್ರಿ ಅಕ್ಕಾರ. ನಿಮ್ಮ ಬಾವಿ ಹಣಿಬರಹ ಇದರಾಗ ಐತಿ. ಅಷ್ಟರಾಗ ನಾ ಮ್ಯಾಲಿನ ಗುಂಡಿ ನೋಡಿ ಬರ್ತೀನಿ. ನಡೀರಿ ಮೇಷ್ಟ್ರ."

ನಾವು ಮೇಲೆ ಹೋದೆವು. ಛತ್ರಿಯ ಕೆಳಗೆ ನಿಂತು ಅವರು ಒಂದೊಂದೇ ಗುಂಡಿ ನೋಡಿದರು. ಬಗ್ಗಿ ಮೂರನೆಯದರ ನೀರು ಮುಟ್ಟಿದರು. ಇದನ್ನು ಹೇಳಿಕೊಟ್ಟವರು ಯಾರು ಎಂದು ಕೇಳಿದರು. ಯಜಮಾನರ ಗದ್ದೆ ಎಂದೆ. ಅವರು ನಗಲಿಲ್ಲ, ಬರೆದುಕೊಂಡರು. ತಿಪ್ಪೆಗೂ ಬಾವಿಗೂ ಎಷ್ಟು ಹೆಜ್ಜೆ ಎಂದು ನಡೆದು ಎಣಿಸಿದರು. ಎಲ್ಲ ಸೇರಿ ಅರ್ಧ ಗಂಟೆಯಾಗಿರಬೇಕು. ಇಳಿದು ಬರುವಾಗ ನನ್ನ ಪಟ್ಟಿಯನ್ನು ಮನಸ್ಸಿನಲ್ಲೇ ಮೇಲಿನಿಂದ ಕೆಳಗೆ ಓದಿದೆ. ಉಳಿದದ್ದು ಬಾಟಲಿ ತುಂಬುವುದೊಂದೇ. ಇಷ್ಟು ಹಗುರವಾಗಿ ನಡೆದದ್ದು ನೆನಪಿರಲಿಲ್ಲ.

ಬಾಟಲಿ ಒಲೆಯ ಪಕ್ಕ, ಬಿದಿರಿನ ತಟ್ಟೆಯ ಮೇಲೆ ಬೋರಲಾಗಿ ಕೂತು ನೀರು ಬಸಿಯುತ್ತಿತ್ತು. ಪಕ್ಕದಲ್ಲಿ ಮುಚ್ಚಳ. ಕಂದು ಕಾಗದವನ್ನು ನಾಲ್ಕು ಮಡಿಕೆ ಮಡಚಿ, ದಾರವನ್ನು ಸುರುಳಿ ಸುತ್ತಿ ಅದರ ಮೇಲಿಟ್ಟಿದ್ದಳು. ಗಾಜು ಎಷ್ಟು ಹೊಳೆಯುತ್ತಿತ್ತೆಂದರೆ ಅದರಲ್ಲಿ ಸಾಹೇಬರ ಮುಖ ಕಾಣುತ್ತಿತ್ತು. ಆ ಮುಖದ ಬಣ್ಣ ಹೋಗಿತ್ತು.

"ಇದನ್ನ... ತೊಳದ್ರೇನ್ರಿ?"

"ಹ್ಞೂಂ ಮತ್ತೆ." ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದೀನಿ. ಯಾರ್ಯಾರ ಕೈ ದಾಟಿ ಬಂದಿದ್ದೋ ಎಂತದೋ. ಒಳಗೆ ತಳದಲ್ಲಿ ಏನೋ ಬಿಳೀ ಪುಡಿ ಬೇರೆ ಅಂಟಿತ್ತು ಮಾರಾಯ್ರೇ, ಹೋಗಾದೇ ಇಲ್ಲ. ಕಡ್ಡಿಗೆ ಬಟ್ಟೆ ಸುತ್ತಿ ತೆಗ್ದೆ."

ಆ ಬಿಳೀ ಪುಡಿ ಶಿವಮೊಗ್ಗದ ಪ್ರಯೋಗಾಲಯದವರು ಬೇಕೆಂದೇ ಹಾಕಿದ್ದು. ನೀರಿನಲ್ಲಿ ಬ್ಲೀಚಿಂಗ್ ಉಳಿದಿದ್ದರೆ ಅದನ್ನು ಮುರಿಯಲು. ಬಾಟಲಿಯನ್ನು ಒಂದೂ ಕ್ರಿಮಿ ಇಲ್ಲದಂತೆ ಬಿಸಿಯಲ್ಲಿ ಬೇಯಿಸಿ, ಗಾಳಿ ತಾಕದಂತೆ ಕಾಗದ ಸುತ್ತಿ ಕಳಿಸಿದ್ದರು. ಊರಿನಲ್ಲಿ ಅದಕ್ಕಿಂತ ಶುದ್ಧವಾದ ವಸ್ತು ಆ ಬೆಳಿಗ್ಗೆ ಇನ್ನೊಂದು ಇರಲಿಲ್ಲ. ಸಾಹೇಬರು ಇದನ್ನೆಲ್ಲ ಅಕ್ಕನಿಗೆ ವಿವರಿಸಿದರು. ಅಕ್ಕ ಪೂರ್ತಿ ಕೇಳಿಸಿಕೊಂಡು ನನ್ನ ಕಡೆ ತಿರುಗಿದಳು.

"ಮೇಷ್ಟ್ರೇ, ನೀವೇ ಹೇಳಿದ್ದಲ್ದಾ? ಹೋದ ವಾರ ಇಡೀ ತಲೆ ತಿಂದ್ರಿ. ಹೊರಗಿಂದ ಬಂದ ಯಾವ ಪಾತ್ರೇನೂ ತೊಳ್ಯದೆ ಬಾವಿ ಹತ್ರ ತರಬೇಡಿ, ಹಗ್ಗ ತೊಳೀರಿ, ಕೊಡ ತೊಳೀರಿ, ಕೈ ತೊಳೀರಿ ಅಂತ."

ಹೇಳಿದ್ದೆ. ನಾಲ್ಕು ಸಲ ಹೇಳಿದ್ದೆ.

ಸಾಹೇಬರು ಇದ್ದ ಒಂದೇ ಬಾಟಲಿಯನ್ನು ಮತ್ತೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು, ಹನ್ನೊಂದೂವರೆಯ ಬಸ್ಸಿಗೆ ಸೊರಬಕ್ಕೆ ಹೋದರು. ಅಲ್ಲಿನ ಆಸ್ಪತ್ರೆಯ ಬೀರುವಿನಲ್ಲಿ ಇನ್ನೊಂದು ಇತ್ತಂತೆ. ಮೂರು ಗಂಟೆಗೆ ವಾಪಸು ಬಂದರು, ಮಳೆಯಲ್ಲಿ ಪೂರ್ತಿ ನೆನೆದು, ಮೂಗು ಸೋರುತ್ತ. ಹೊಸ ಬಾಟಲಿಗೆ ತುಂಬಿದ ನೀರು ಸಂಜೆಯ ಬಸ್ಸಿಗೆ ಐಸಿನ ಡಬ್ಬಿಯಲ್ಲಿ ಶಿವಮೊಗ್ಗಕ್ಕೆ ಹೋಯಿತು. ಹತ್ತು ದಿನದ ಮೇಲೆ ಕುಡಿಯಲು ಯೋಗ್ಯ ಎಂಬ ಚೀಟಿ ಬಂತು. ಕೆಂಪು ಬಣ್ಣ ಬಳಿಯಲು ಯಾರೂ ಬರಲಿಲ್ಲ. ಮುಂದೆ ನನಗೆ ವರ್ಗವಾಗುವವರೆಗೆ ಬಾವಿಯ ಕಟ್ಟೆ ತನ್ನ ಹಳೆಯ ಪಾಚಿಯ ಬಣ್ಣದಲ್ಲೇ ಇತ್ತು, ಚಾ ತನ್ನ ಹಳೆಯ ಬಣ್ಣದಲ್ಲೇ.

ಆದರೆ ಆ ಮಧ್ಯಾಹ್ನ ಅದೇನೂ ಗೊತ್ತಿರಲಿಲ್ಲ. ಎರಡನೆಯ ಬಾಟಲಿಯನ್ನು ಸಾಹೇಬರು ಬೆಂಚಿನ ಮೇಲಿಡದೆ ನೇರ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಎರಡು ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಬಾವಿಯ ಹತ್ತಿರ ನಿಂತೆ. ಸಾಹೇಬರು ನೀರು ಸೇದಿ, ಕಾಗದ ಬಿಚ್ಚಿ, ಮುಚ್ಚಳ ತೆಗೆದರು. ತಳದಲ್ಲಿ ಬಿಳೀ ಪುಡಿ ಹಾಗೇ ಇತ್ತು. ಅಕ್ಕ ನಾಲ್ಕು ಹೆಜ್ಜೆ ದೂರದಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತು ಬಾಟಲಿಯೊಳಗೆ ಇಣುಕಿದಳು.

"ತೊಳೀದೇ ಇರೋ ಬಾಟ್ಲೀಲಿ ನಮ್ಮ ನೀರು ತುಂಬ್ತಾ ಇದೀರಿ" ಎಂದಳು. "ಫೇಲಾದ್ರೆ ನನ್ನ ಬಾವೀನ ದೂರಬೇಡಿ."